ಬಿದ್ದವನು ಮತ್ತೆ ಏಳುತ್ತಾನೆಯೇ? ಮೋಟು-ಪತ್ಲು ಸರಣಿಗೆ ನೋಡುಗರ ತೀರ್ಪು

ಅಂಕಲಿ: ಶಾಲೆ ಬಿಟ್ಟು ಮನೆಗೆ ಬಂದ ಮಕ್ಕಳು ಪಾಟಿಚೀಲವನ್ನು ಮೂಲೆಗೆ ಎಸೆದು ಮೊದಲು ಕೈಚಾಚುವುದು ಟಿ.ವಿ. ರಿಮೋಟಿಗೆ. ಪರದೆಯ ಮೇಲೆ ದಪ್ಪನೆಯ ದೇಹದವನೊಬ್ಬ ಮಹಡಿಯಿಂದ ಉರುಳುತ್ತಾನೆ, ಕೆಳಗೆ ನಿಂತವನ ಮೇಲೆ ಬೀಳುತ್ತಾನೆ, ಆತನಿಂದ ಗುದ್ದು ತಿಂದು ಮತ್ತೆ ಆಕಾಶಕ್ಕೆ ಚಿಮ್ಮುತ್ತಾನೆ. 'ಎಷ್ಟ ಬಡೀತಾರೋ ಪಾಪ ಅಂವಗ, ಬಂದ ಮಾಡೋ ಅದನ್ನ' ಎಂದು ಆಯಿ ಗದರುತ್ತಾರೆ. 'ತಡಿ ಆಯಿ, ಅಂವಗ ಏನೂ ಆಗಂಗಿಲ್ಲ. ನೋಡ, ಈಗ ಏಳ್ತಾನ' ಎಂದು ಮೊಮ್ಮಗ ಕಣ್ಣು ಕೀಳದೆ ಉತ್ತರಿಸುತ್ತಾನೆ. ಕೃಷ್ಣಾ ತೀರದ ಯಾವ ಊರಿನ ಯಾವ ಮನೆಯಲ್ಲಾದರೂ ಕೇಳಿಬರಬಹುದಾದ ಮಾತುಕತೆ ಇದು.

ಒಂದೇ ದೃಶ್ಯ, ಎರಡು ತೀರ್ಪು. ಹಿರಿಯರಿಗೆ ಕಂಡದ್ದು ಏಟು. ಹುಡುಗನಿಗೆ ಕಂಡದ್ದು ಏಳುವಿಕೆ. ಮಕ್ಕಳ ಕಾರ್ಟೂನುಗಳ ಕುರಿತು ಮನೆಗಳಲ್ಲಿಯೂ ಶಾಲೆಗಳಲ್ಲಿಯೂ ನಡೆಯುವ ಬಹುತೇಕ ವಾದಗಳ ಮೂಲ ಈ ವ್ಯತ್ಯಾಸದಲ್ಲಿದೆ. ಯಾರ ತೀರ್ಪು ಸರಿ ಎಂದು ಕೇಳುವ ಮೊದಲು, ಇಬ್ಬರೂ ಯಾವ ಅಳತೆಗೋಲು ಹಿಡಿದಿದ್ದಾರೆ ಎಂಬುದನ್ನು ತಿಳಿಯುವುದು ಒಳಿತು.

ಪತ್ರಿಕೆಯಿಂದ ಪರದೆಗೆ

'ಮೋಟು ಪತ್ಲು' ಸರಣಿಯು ನಿಕೆಲೋಡಿಯನ್ ವಾಹಿನಿಯಲ್ಲಿ 2012ರ ಅಕ್ಟೋಬರಿನಲ್ಲಿ ಆರಂಭವಾಯಿತು. ಮುಂಬಯಿಯ ಕಾಸ್ಮೋಸ್-ಮಾಯಾ ಸಂಸ್ಥೆ ಇದನ್ನು ಕಂಪ್ಯೂಟರ್ ಅನಿಮೇಷನ್ನಿನಲ್ಲಿ ರೂಪಿಸಿತು. ಆದರೆ ಈ ಜೋಡಿಯ ಹುಟ್ಟು ಟಿ.ವಿ.ಯಲ್ಲಿ ಆದದ್ದಲ್ಲ. ಹಿಂದಿಯ ಮಕ್ಕಳ ಪತ್ರಿಕೆ 'ಲೋಟಪೋಟ್' ಪುಟಗಳಲ್ಲಿ ದಶಕಗಳ ಹಿಂದೆಯೇ ಇವರು ಓದುಗರಿಗೆ ಪರಿಚಿತರಾಗಿದ್ದರು. ಸರಣಿಯ ಶೀರ್ಷಿಕೆ ಗೀತೆಯನ್ನು ರಚಿಸಿದವರು ಕವಿ ಗುಲ್ಜಾರ್. 2016ರಲ್ಲಿ ಇದೇ ಜೋಡಿಯ ಚಲನಚಿತ್ರವೂ ತೆರೆಕಂಡಿತು.

ಕಥೆ ಸರಳ. ಫುರ್‌ಫುರಿ ನಗರ ಎಂಬ ಕಲ್ಪಿತ ಊರು. ಸಮೋಸ ಕಂಡರೆ ಲೋಕವನ್ನೇ ಮರೆಯುವ ಮೋಟು, ಯುಕ್ತಿ ಹೂಡುವ ಪತ್ಲು. ಮೋಟುವಿನ ಆತುರದಿಂದ ಗೊಂದಲ ಹುಟ್ಟುತ್ತದೆ, ಪತ್ಲುವಿನ ಉಪಾಯದಿಂದ ಅದು ಇನ್ನಷ್ಟು ಗೋಜಲಾಗುತ್ತದೆ, ಕೊನೆಗೆ ಸಮೋಸ ತಿಂದ ಮೋಟುವಿಗೆ ಬಲ ಬಂದು ಕೆಡುಕರು ಸೋಲುತ್ತಾರೆ. ಇವರ ಸುತ್ತ ವಿಚಿತ್ರ ಯಂತ್ರಗಳನ್ನು ಕಟ್ಟುವ ಡಾಕ್ಟರ್ ಝಟ್ಕಾ, ಘಸೀಟಾರಾಮ್, ಕಳ್ಳರ ನಾಯಕ ಜಾನ್, ನೆರೆಮನೆಯ ಬಾಕ್ಸರ್ ಹಾಗೂ ಇನ್‌ಸ್ಪೆಕ್ಟರ್ ಚಿಂಗಮ್ ಇದ್ದಾರೆ. ಸುಮಾರು ಹನ್ನೊಂದು ನಿಮಿಷಗಳ ಒಂದು ಕಥೆಯಲ್ಲಿ ಬೀಳುವುದು, ಏಳುವುದು, ಓಡುವುದು, ಢಿಕ್ಕಿ ಹೊಡೆಯುವುದು ಇವೇ ಮುಖ್ಯ. ಸಂಭಾಷಣೆ ಅವುಗಳ ನಡುವಿನ ಸೇತುವೆ ಮಾತ್ರ.

ಹೆಸರಿನಲ್ಲಿಯೇ ಗಡಿನಾಡಿನವರಿಗೊಂದು ಮೋಜಿದೆ. ಹಿಂದಿಯಲ್ಲಿ ಮೋಟು ಎಂದರೆ ದಪ್ಪನೆಯವನು. ಮೋಟು ಗೋಡೆ, ಮೋಟು ಜಡೆ ಎಂದು ಬಳಸುವ ಕನ್ನಡಿಗನಿಗೆ ಅದು ಗಿಡ್ಡವಾದದ್ದು. ಮರಾಠಿ ಕಿವಿಗೆ ಅದು ದೊಡ್ಡದು ಎಂಬರ್ಥದ 'ಮೋಠಾ' ಶಬ್ದಕ್ಕೆ ಸಮೀಪ. ಮೂರೂ ಭಾಷೆಗಳು ಒಂದೇ ಓಣಿಯಲ್ಲಿ ಸಂಧಿಸುವ ಚಿಕ್ಕೋಡಿ ಭಾಗದಲ್ಲಿ, ತೆರೆಯ ಮೇಲಿನ ಮನುಷ್ಯ ದಪ್ಪನೋ ಗಿಡ್ಡನೋ ದೊಡ್ಡವನೋ ಎಂಬುದನ್ನು ಮಕ್ಕಳು ಶಬ್ದದಿಂದಲ್ಲ, ಅವನು ಬೀಳುವ ರೀತಿಯಿಂದ ತಿಳಿಯುತ್ತಾರೆ.

ಸಪ್ಪಳ ಹೆಚ್ಚು, ನೋವು ಕಡಿಮೆ

ಈ ಬಗೆಯ ಹಾಸ್ಯಕ್ಕೆ ಇಂಗ್ಲಿಷಿನಲ್ಲಿ 'ಸ್ಲ್ಯಾಪ್‌ಸ್ಟಿಕ್' ಎಂಬ ಹೆಸರಿದೆ. ಆ ಹೆಸರು ಬಂದುದು ನಿಜವಾದ ಒಂದು ಸಾಧನದಿಂದ. ಇಟಲಿಯಲ್ಲಿ ಹದಿನಾರನೆಯ ಶತಮಾನದಲ್ಲಿ ಬೆಳೆದ 'ಕೊಮೆದಿಯಾ ದೆಲ್ಲಾರ್ತೆ' ಎಂಬ ಜನಪ್ರಿಯ ರಂಗಪ್ರಕಾರದಲ್ಲಿ ವಿದೂಷಕರು ಎರಡು ತೆಳುವಾದ ಮರದ ಪಟ್ಟಿಗಳನ್ನು ಜೋಡಿಸಿದ ಕೋಲೊಂದನ್ನು ಹಿಡಿದಿರುತ್ತಿದ್ದರು. ಅದರಿಂದ ಬಡಿದಾಗ ಪಟ್ಟಿಗಳು ಒಂದಕ್ಕೊಂದು ತಾಗಿ ಭಾರೀ ಸಪ್ಪಳವಾಗುತ್ತಿತ್ತು; ಬಡಿಸಿಕೊಂಡವನಿಗೆ ಪೆಟ್ಟು ಅಷ್ಟಾಗಿ ತಾಗುತ್ತಿರಲಿಲ್ಲ.

ಏಟಿನ ಹಾಸ್ಯದ ಒಡಂಬಡಿಕೆ ಈ ಕೋಲಿನಲ್ಲಿಯೇ ಅಡಗಿದೆ. ಸಪ್ಪಳ ನೋಡುಗನಿಗೆ, ನೋವು ಯಾರಿಗೂ ಇಲ್ಲ. ಬಿದ್ದವನು ಏಳಲೇಬೇಕು. ಏಳದೆ ಹೋದರೆ ಅದು ಹಾಸ್ಯವಲ್ಲ, ಅಪಘಾತ. ನಾಲ್ಕೈದು ವರ್ಷದ ಮಗುವೂ ಈ ಒಡಂಬಡಿಕೆಯನ್ನು ಬೇಗನೆ ಗ್ರಹಿಸುತ್ತದೆ. 'ಅಂವಗ ಏನೂ ಆಗಂಗಿಲ್ಲ' ಎಂಬ ಮೊಮ್ಮಗನ ಮಾತು ಉಡಾಫೆಯದ್ದಲ್ಲ, ಕಲೆಯ ನಿಯಮವನ್ನು ಅರಿತವನದ್ದು.

ಅನಿಮೇಷನ್ ಈ ನಿಯಮವನ್ನು ಇನ್ನಷ್ಟು ವಿಸ್ತರಿಸಿತು. ವಿಲಿಯಂ ಹನ್ನಾ ಮತ್ತು ಜೋಸೆಫ್ ಬಾರ್ಬೆರಾ 1940ರಲ್ಲಿ ಆರಂಭಿಸಿದ 'ಟಾಮ್ ಅಂಡ್ ಜೆರ್ರಿ' ಇದರ ಪ್ರಖ್ಯಾತ ಉದಾಹರಣೆ. 1958ರ ವರೆಗೆ ಅವರು ಚಿತ್ರಮಂದಿರಗಳಿಗಾಗಿ ನಿರ್ಮಿಸಿದ 114 ಕಿರುಚಿತ್ರಗಳಲ್ಲಿ ಏಳಕ್ಕೆ ಆಸ್ಕರ್ ಪ್ರಶಸ್ತಿ ದೊರೆಯಿತು. ಬೆಕ್ಕು ಕಾಗದದಂತೆ ಚಪ್ಪಟೆಯಾಗುತ್ತದೆ, ಗಾಜಿನಂತೆ ಒಡೆಯುತ್ತದೆ, ಮರುಕ್ಷಣ ಮೊದಲಿನಂತಾಗುತ್ತದೆ. ಹೆಚ್ಚಿನ ಚಿತ್ರಗಳಲ್ಲಿ ಮಾತೇ ಇಲ್ಲವಾದ್ದರಿಂದ ಅವು ಭಾಷೆಯ ಹಂಗಿಲ್ಲದೆ ಊರೂರು ತಲುಪಿದವು.

ನಮ್ಮ ಪರದೆಯ ಹಳೆಯ ಜೋಡಿ

ಇದೆಲ್ಲ ಹೊರಗಿನಿಂದ ಬಂದದ್ದು, ನಮ್ಮ ಸಂಸ್ಕೃತಿಗೆ ಹೊಂದದ್ದು ಎಂಬ ಆಕ್ಷೇಪ ಆಗಾಗ ಕೇಳಿಬರುತ್ತದೆ. ಆದರೆ ಟಿ.ವಿ. ಬರುವುದಕ್ಕೆ ಎಷ್ಟೋ ಮೊದಲೇ ಕರ್ನಾಟಕದ ಹಳ್ಳಿಗಳಲ್ಲಿ ಬೆಳಕು ತುಂಬಿದ ಪರದೆಯ ಮೇಲೆ ಬಣ್ಣದ ಚಿತ್ರಗಳು ಕುಣಿದು, ಬಿದ್ದು, ಹೊಡೆದಾಡಿ ಜನರನ್ನು ನಗಿಸುತ್ತಿದ್ದವು. ತೊಗಲುಗೊಂಬೆಯಾಟದ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ ಎಂಬ ಜೋಡಿಯನ್ನು ಮರೆಯುವಂತಿಲ್ಲ.

ರಾಮಾಯಣ, ಮಹಾಭಾರತದ ಪ್ರಸಂಗಗಳ ನಡುವೆ ಈ ಹಾಸ್ಯದ ಜೋಡಿ ನುಗ್ಗಿಬರುತ್ತದೆ. ಕಪ್ಪು ಮೈ, ಕೆದರಿದ ಕೂದಲು, ಸಡಿಲವಾಗಿ ಆಡುವ ಕೈಕಾಲು. ನಿಂತಲ್ಲಿ ನಿಲ್ಲದ ದೇಹ. ಗಂಡಹೆಂಡಿರ ಜಗಳ, ಬೈಗುಳ, ಬಡಿದಾಟ, ಊರ ಸುದ್ದಿಯ ಲೇವಡಿ ಎಲ್ಲವೂ ಅಲ್ಲಿ ಸಲ್ಲುತ್ತವೆ. ದೇವತೆಗಳೂ ಅರಸರೂ ಗಂಭೀರವಾಗಿ ಮಾತನಾಡುವ ಪರದೆಯ ಮೇಲೆಯೇ ಈ ಒರಟು ನಗೆಗೂ ಸ್ಥಾನವಿತ್ತು. ಅದರಿಂದ ಕಥೆಯ ಗೌರವಕ್ಕೆ ಕುಂದು ಬಂತೆಂದು ಪ್ರೇಕ್ಷಕರು ಎಣಿಸಲಿಲ್ಲ. ಈ ಕಲೆಯನ್ನು ಉಳಿಸಿಕೊಂಡು ಬಂದ ಕಿಳ್ಳೇಕ್ಯಾತ ಸಮುದಾಯದ ಮನೆಮಾತು ಮರಾಠಿಗೆ ಸೇರಿದ ಒಂದು ಉಪಭಾಷೆ, ಆಟ ಆಡಿಸಿದ್ದು ಕನ್ನಡದಲ್ಲಿ ಎಂಬುದು ಗಡಿಭಾಗದವರಿಗೆ ವಿಶೇಷ ಸಂಗತಿ.

ನಮ್ಮ ಜಿಲ್ಲೆಯದೇ ಆದ ಶ್ರೀಕೃಷ್ಣ ಪಾರಿಜಾತದಲ್ಲಿಯೂ ಸತ್ಯಭಾಮೆಯ ದೂತಿಯ ಮಾತಿನ ಚೇಷ್ಟೆಗೆ ಜನ ರಾತ್ರಿಯಿಡೀ ಕಾಯುತ್ತಿದ್ದರು. ಆಗಿನ ನೋಡುಗರು ಹಾಸ್ಯವನ್ನು ಅಳೆದದ್ದು ಎಷ್ಟು ಏಟು ಬಿತ್ತು ಎಂಬ ಲೆಕ್ಕದಿಂದಲ್ಲ. ಯಾರಿಗೆ ಬಿತ್ತು, ಯಾವ ಕಾರಣಕ್ಕೆ ಬಿತ್ತು ಎಂಬುದರಿಂದ. ದೊಡ್ಡವರ ಸೊಕ್ಕು ಇಳಿದರೆ ನಗು, ಬಡವನ ಮೇಲೆ ಸುಮ್ಮನೆ ಕೈ ಮಾಡಿದರೆ ಬೇಸರ.

ಈ ಅಳತೆಗೋಲಿನಿಂದ ನೋಡಿದರೆ ಮೋಟು ಪತ್ಲುವಿನ ಕೆಲವು ದೃಶ್ಯಗಳು ಚೆನ್ನಾಗಿಯೇ ತೇರ್ಗಡೆಯಾಗುತ್ತವೆ. ಇನ್‌ಸ್ಪೆಕ್ಟರ್ ಚಿಂಗಮ್ ಬಡಾಯಿ ಕೊಚ್ಚುತ್ತ ಆಕಾಶಕ್ಕೆ ಗುಂಡು ಹಾರಿಸುತ್ತಾನೆ. ಮರುಕ್ಷಣ ಅವನ ತಲೆಯ ಮೇಲೆಯೇ ತೆಂಗಿನಕಾಯಿಯೋ ಇನ್ನೇನೋ ಬಂದು ಬೀಳುತ್ತದೆ. ಅಧಿಕಾರದ ದರ್ಪ ಅವನ ತಲೆಗೇ ಮರಳುವ ಈ ದೃಶ್ಯ ನೂರು ಸಲ ಬಂದರೂ ಮಕ್ಕಳು ನಗುತ್ತಾರೆ. ಏನಾಗಲಿದೆ ಎಂಬುದು ಗೊತ್ತಿರುವುದೇ ಅಲ್ಲಿನ ಸುಖ.

ಸಂಶೋಧನೆ ಹೇಳುವುದೇನು?

ಹಾಗಾದರೆ ಆಯಿಯ ಆತಂಕ ನಿರಾಧಾರವೇ? ಅಲ್ಲ. ಮನಃಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ ಮತ್ತು ಸಹೋದ್ಯೋಗಿಗಳು 1963ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಶಿಶುವಿಹಾರದ 96 ಮಕ್ಕಳಿದ್ದರು. ಕೆಲವರ ಎದುರು ವಯಸ್ಕರು ಗಾಳಿ ತುಂಬಿದ ಗೊಂಬೆಯನ್ನು ಬಡಿದರು. ಕೆಲವರಿಗೆ ಅದನ್ನೇ ಚಲನಚಿತ್ರದಲ್ಲಿ ತೋರಿಸಲಾಯಿತು. ಇನ್ನು ಕೆಲವರು ಬೆಕ್ಕಿನ ವೇಷದ ಪಾತ್ರವೊಂದು ಕಾರ್ಟೂನಿನ ರೀತಿಯಲ್ಲಿ ಬಡಿಯುವುದನ್ನು ನೋಡಿದರು. ಆಮೇಲೆ ಆಟಕ್ಕೆ ಬಿಟ್ಟಾಗ, ಇದನ್ನೆಲ್ಲ ನೋಡಿದ ಮಕ್ಕಳು ನೋಡದವರಿಗಿಂತ ಹೆಚ್ಚು ಆಕ್ರಮಣಶೀಲವಾಗಿ ವರ್ತಿಸಿದರು. ಕಾರ್ಟೂನಿನ ಬೆಕ್ಕನ್ನೂ ಮಕ್ಕಳು ಅನುಕರಿಸಬಲ್ಲರು ಎಂಬುದು ಸ್ಪಷ್ಟವಾಯಿತು. ಆದರೆ ಬಡಿಯಲೆಂದೇ ಇರುವ ಗೊಂಬೆಯನ್ನು ಕೂಡಲೇ ಬಡಿಯುವುದು ಬೇರೆ, ತಮ್ಮನನ್ನು ನಾಳೆ ಬಡಿಯುವುದು ಬೇರೆ ಎಂಬ ವಿಮರ್ಶೆಯೂ ಆ ಪ್ರಯೋಗದ ಮೇಲಿದೆ.

ವರ್ಜೀನಿಯಾ ವಿಶ್ವವಿದ್ಯಾಲಯದ ಏಂಜೆಲಿನ್ ಲಿಲಾರ್ಡ್ ಮತ್ತು ಜೆನಿಫರ್ ಪೀಟರ್ಸನ್ 2011ರಲ್ಲಿ ಇನ್ನೊಂದು ದಿಕ್ಕಿನಿಂದ ಪರೀಕ್ಷಿಸಿದರು. ನಾಲ್ಕು ವರ್ಷದ 60 ಮಕ್ಕಳನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ಒಂಬತ್ತು ನಿಮಿಷ 'ಸ್ಪಾಂಜ್‌ಬಾಬ್' ಎಂಬ ವೇಗದ ಹಾಸ್ಯ ಕಾರ್ಟೂನನ್ನು, ಇನ್ನೊಂದಕ್ಕೆ ನಿಧಾನಗತಿಯ ಶೈಕ್ಷಣಿಕ ಕಾರ್ಟೂನನ್ನು ತೋರಿಸಿದರು; ಮೂರನೆಯ ಗುಂಪು ಚಿತ್ರ ಬರೆಯಿತು. ಕೂಡಲೇ ನಡೆಸಿದ ಗಮನ ಹಾಗೂ ಸಂಯಮದ ಪರೀಕ್ಷೆಗಳಲ್ಲಿ ಮೊದಲ ಗುಂಪು ಹಿಂದೆ ಬಿತ್ತು. ತಮ್ಮ ಕಾರ್ಯಕ್ರಮ ಆರರಿಂದ ಹನ್ನೊಂದು ವರ್ಷದವರಿಗೆ, ನಾಲ್ಕು ವರ್ಷದವರಿಗಲ್ಲ ಎಂದು ವಾಹಿನಿ ಆಕ್ಷೇಪಿಸಿತು. ಪರಿಣಾಮ ಎಷ್ಟು ಹೊತ್ತು ಉಳಿಯುತ್ತದೆ ಎಂಬುದನ್ನು ಆ ಅಧ್ಯಯನ ಅಳೆದಿರಲಿಲ್ಲ.

ಈ ಎರಡರಿಂದ ಹೊರಡುವ ತಿಳಿವಳಿಕೆ ಇಷ್ಟು: ತೀರ ಚಿಕ್ಕ ಮಕ್ಕಳಿಗೆ ವೇಗದ ಏಟಿನ ಹಾಸ್ಯ ಹಿತವಲ್ಲದಿರಬಹುದು, ನೋಡಿ ಎದ್ದ ಮಗುವನ್ನು ಕೂಡಲೇ ಮನೆಪಾಠಕ್ಕೆ ಕೂರಿಸಿದರೆ ಗಮನ ನಿಲ್ಲದಿದ್ದರೆ ಆಶ್ಚರ್ಯವಿಲ್ಲ. ಆದರೆ ಕಾರ್ಟೂನು ನೋಡಿದವರೆಲ್ಲ ಕೆಡುತ್ತಾರೆ ಎಂಬ ತೀರ್ಮಾನಕ್ಕೆ ಇವು ಆಧಾರವಾಗುವುದಿಲ್ಲ.

ಏಟನ್ನು ತೆಗೆದುಹಾಕಿದರೆ ಸಮಸ್ಯೆ ಮುಗಿಯುತ್ತದೆಯೇ? ಆ ಪ್ರಯತ್ನವೂ ನಡೆದಿದೆ. ಅಮೆರಿಕದ ದೂರದರ್ಶನದಲ್ಲಿ ಮಕ್ಕಳ ಕಾರ್ಯಕ್ರಮಗಳ ಹಿಂಸೆಯ ಬಗ್ಗೆ ಕಟ್ಟುಪಾಡುಗಳು ಬಿಗಿಯಾಗಿದ್ದ ಕಾಲದಲ್ಲಿ, 1975ರಲ್ಲಿ ಬಂದ ಹೊಸ ಟಾಮ್ ಅಂಡ್ ಜೆರ್ರಿ ಸರಣಿಯಲ್ಲಿ ಬೆಕ್ಕು ಇಲಿಗಳನ್ನು ಗೆಳೆಯರನ್ನಾಗಿ ಮಾಡಲಾಯಿತು. ಬೆನ್ನಟ್ಟುವಿಕೆ ಇಲ್ಲದ ಆ ಸ್ನೇಹ ಹಳೆಯ ಚಿತ್ರಗಳಷ್ಟು ಜನಮನದಲ್ಲಿ ನಿಲ್ಲಲಿಲ್ಲ. 1980ರಲ್ಲಿ ಬಂದ ಮುಂದಿನ ಸರಣಿ ಮತ್ತೆ ಬೆನ್ನಟ್ಟುವಿಕೆಗೇ ಮರಳಿತು.

ನಿಜವಾದ ಏಟು ಎಲ್ಲಿ ಬೀಳುತ್ತದೆ?

ಏಟಿನ ಹಾಸ್ಯದಲ್ಲಿ ಮೈಗೆ ಬಿದ್ದ ಪೆಟ್ಟು ಮರುಕ್ಷಣ ಮಾಯವಾಗುತ್ತದೆ. ಆದರೆ ಹೆಸರಿಗೆ ಬಿದ್ದ ಪೆಟ್ಟು ಹಾಗೆ ಮಾಯವಾಗುವುದಿಲ್ಲ. ತೆರೆಯ ಮೇಲಿನ ಮೋಟು ಗುದ್ದು ತಿಂದು ಎದ್ದು ಸಮೋಸ ತಿನ್ನುತ್ತಾನೆ. ತರಗತಿಯಲ್ಲಿ 'ಮೋಟು' ಎಂದು ಕರೆಸಿಕೊಂಡ ದಪ್ಪನೆಯ ಹುಡುಗನಿಗೆ ಹಾಗೆ ಏಳುವ ಸೌಲಭ್ಯವಿಲ್ಲ. ಆ ಹೆಸರು ಅವನ ಜೊತೆಗೆ ವರ್ಷಗಟ್ಟಲೆ ನಡೆಯುತ್ತದೆ. ಪರದೆಯ ಮೇಲೆ ಎಲ್ಲರನ್ನೂ ಕಾಪಾಡುವ ನಾಯಕ ಅವನೇ ಎಂಬುದನ್ನು ಕರೆಯುವವರು ನೆನೆಯುವುದಿಲ್ಲ. ಹಿರಿಯರು ಗುದ್ದುಗಳನ್ನು ಎಣಿಸುತ್ತ ಕುಳಿತಾಗ ಗಮನದಿಂದ ಜಾರಿಹೋಗುವುದು ಇದೇ.

ಮಾತಿನ ಧಾಟಿಯದೂ ಇದೇ ಕಥೆ. ಚಿಂಗಮ್ ಹಿಂದಿಯನ್ನು ದಕ್ಷಿಣದವರ ಉಚ್ಚಾರವೆಂದು ಉತ್ತರದವರು ಊಹಿಸಿಕೊಂಡ ಧಾಟಿಯಲ್ಲಿ ಆಡುತ್ತಾನೆ. ಅವನ ತಲೆಗೆ ಕಾಯಿ ಬಿದ್ದಾಗ ನಗುವುದು ದರ್ಪಕ್ಕೆ. ಅವನು ಬಾಯಿ ತೆರೆದಾಗ ನಗುವುದು ಉಚ್ಚಾರಕ್ಕೆ. ಮೊದಲನೆಯದು ಕಿಳ್ಳೇಕ್ಯಾತನ ಪರಂಪರೆಗೆ ಸೇರಿದ್ದು. ಎರಡನೆಯದರಲ್ಲಿ ನಗೆಪಾಟಲಾಗುವವರು ನಾವೇ ಎಂಬುದನ್ನು ಮಕ್ಕಳಿಗೆ ತಿಳಿಸಬೇಕಾದವರು ಹಿರಿಯರು. ಧಾರವಾಡದ ಕಡೆಯ ಕನ್ನಡವನ್ನು ಚಲನಚಿತ್ರಗಳಲ್ಲಿ ನಗೆಗಷ್ಟೇ ಬಳಸಿದಾಗ ನೊಂದುಕೊಂಡ ಈ ಭಾಗದವರಿಗೆ ಈ ವ್ಯತ್ಯಾಸವನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಯಾವ ಭಾಷೆಯಲ್ಲಿ ನಗಬೇಕು?

ಅಂಕಲಿ ಭಾಷೆಗಳ ಕೂಡುದಾರಿಯ ಊರು. ಆಳಂದಿಯಿಂದ ಪಂಢರಪುರಕ್ಕೆ ಸಾಗುವ ಜ್ಞಾನೇಶ್ವರ ಪಾಲಖಿಗೆ ಪ್ರತಿವರ್ಷ ಕುದುರೆಗಳು ಹೊರಡುವುದು ಇಲ್ಲಿನ ಶಿತೋಳೆ ಸರದಾರರ ವಾಡೆಯಿಂದ. ಇಲ್ಲಿನ ಮಕ್ಕಳಿಗೆ ಎರಡು ಭಾಷೆ ಓಣಿಯಲ್ಲಿಯೇ ದೊರೆಯುತ್ತವೆ. ಮೂರನೆಯದನ್ನು ಕಲಿಸುವ ಮೇಷ್ಟ್ರಾಗಿ ಬಂದದ್ದು ಕಾರ್ಟೂನು.

ಕನ್ನಡದಲ್ಲಿ ಕಾರ್ಟೂನು ತಡವಾಗಿ ಬಂದುದಕ್ಕೆ ಇತಿಹಾಸವಿದೆ. 1960ರ ದಶಕದ ಡಬ್ಬಿಂಗ್ ವಿರೋಧಿ ಚಳವಳಿಯ ನಂತರ ದಶಕಗಳ ಕಾಲ ಪರಭಾಷೆಯ ಚಿತ್ರಗಳಿಗೆ ಕನ್ನಡದ ಧ್ವನಿ ಕೊಡುವುದು ನಿಂತುಹೋಗಿತ್ತು. ಕನ್ನಡ ಚಿತ್ರರಂಗದ ಉಳಿವಿಗೆ ಅದು ಅಗತ್ಯವೆಂದು ಅಂದಿನವರು ನಂಬಿದ್ದರು. 2009ರಲ್ಲಿ ಸನ್ ಸಮೂಹ 'ಚಿಂಟು ಟಿ.ವಿ.' ಆರಂಭಿಸಿದಾಗ ಕನ್ನಡದ ಮಕ್ಕಳಿಗೆ ತಮ್ಮದೇ ನುಡಿಯ ಕಾರ್ಟೂನು ವಾಹಿನಿ ದೊರೆಯಿತು. 2015ರ ಜುಲೈನಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಡಬ್ಬಿಂಗ್ ತಡೆಯುವುದು ಸ್ಪರ್ಧಾ ಕಾನೂನಿಗೆ ವಿರುದ್ಧವೆಂದು ಹೇಳಿ ಸಂಬಂಧಿಸಿದ ಸಂಸ್ಥೆಗಳಿಗೆ ದಂಡ ವಿಧಿಸಿತು. ಹಿಂದಿಯಲ್ಲಿ ತಯಾರಾದ ಮೋಟು ಪತ್ಲು ಕೂಡ ಈಚಿನ ವರ್ಷಗಳಲ್ಲಿ ಕನ್ನಡದಲ್ಲಿ ಮಾತನಾಡಿದೆ.

ಮೂಕ ಹಾಸ್ಯಕ್ಕೂ ಧ್ವನಿ ತುಂಬುವ ಪರಿಪಾಠ ನಮ್ಮಲ್ಲಿದೆ. ಫ್ರಾನ್ಸಿನ 'ಆಗ್ಗಿ ಅಂಡ್ ದಿ ಕಾಕ್ರೋಚಸ್' ಮೂಲದಲ್ಲಿ ಮಾತಿಲ್ಲದ ಸರಣಿ. ಹಿಂದಿಗೆ ಬಂದಾಗ ಅದರ ಪಾತ್ರಗಳಿಗೆ ಚಲನಚಿತ್ರ ತಾರೆಯರ ಅನುಕರಣೆಯ ಧ್ವನಿ ಸೇರಿಸಲಾಯಿತು. ಅದರಿಂದ ಹೊಸ ನಗು ಹುಟ್ಟಿತು, ನಿಜ. ಆದರೆ ಚಿತ್ರವನ್ನು ನೋಡಿ ತಾನೇ ಅರ್ಥ ಮಾಡಿಕೊಂಡು, ತನ್ನ ಮನೆಮಾತಿನಲ್ಲಿ ಬಣ್ಣಿಸುವ ಅವಕಾಶವನ್ನು ಮಗು ಅಷ್ಟರಮಟ್ಟಿಗೆ ಕಳೆದುಕೊಂಡಿತು.

ನೋಡುಗರ ತೀರ್ಪಿಗೆ ಬೆಲೆ ಎಷ್ಟು?

ವಾಹಿನಿಗಳು ನೋಡುಗರ ತೀರ್ಪನ್ನು ಅರಿಯುವುದು ಅಂಕಿಗಳಿಂದ. 2015ರಿಂದ ಬಾರ್ಕ್ ಸಂಸ್ಥೆ ಆಯ್ದ ಮನೆಗಳಲ್ಲಿ ಮೀಟರ್ ಅಳವಡಿಸಿ ವೀಕ್ಷಣೆಯನ್ನು ಅಳೆಯುತ್ತಿದೆ. ಎರಡು ವರ್ಷ ತುಂಬಿದ ಮಗುವೂ ಅದರ ಲೆಕ್ಕದಲ್ಲಿ ವೀಕ್ಷಕ. ಆದರೆ ಮೀಟರಿಗೆ ತಿಳಿಯುವುದು ಎಷ್ಟು ಹೊತ್ತು ನೋಡಿದರು ಎಂಬುದು ಮಾತ್ರ. ನಕ್ಕರೋ, ಬೇಸತ್ತರೋ, ಬೇರೇನೂ ಇಲ್ಲವೆಂದು ಕುಳಿತರೋ ಅದಕ್ಕೆ ತಿಳಿಯದು.

ಆಕ್ಷೇಪವಿದ್ದರೆ ದಾರಿಯೂ ಇದೆ. 1994ರ ಕೇಬಲ್ ಟೆಲಿವಿಷನ್ ಜಾಲ ನಿಯಮಗಳ ಕಾರ್ಯಕ್ರಮ ಸಂಹಿತೆಯು ಮಕ್ಕಳ ಕಾರ್ಯಕ್ರಮಗಳಲ್ಲಿ ಕೆಟ್ಟ ಮಾತು ಮತ್ತು ಹಿಂಸೆಯ ಸ್ಪಷ್ಟ ದೃಶ್ಯಗಳಿರದಂತೆ ಎಚ್ಚರ ವಹಿಸಬೇಕೆನ್ನುತ್ತದೆ. 2021ರ ತಿದ್ದುಪಡಿಯ ಪ್ರಕಾರ ವೀಕ್ಷಕರ ದೂರನ್ನು ವಾಹಿನಿಯು 24 ಗಂಟೆಯೊಳಗೆ ಸ್ವೀಕರಿಸಿದ್ದಾಗಿ ತಿಳಿಸಿ, 15 ದಿನಗಳಲ್ಲಿ ನಿರ್ಧಾರ ಹೇಳಬೇಕು. ಒಪ್ಪಿಗೆಯಾಗದಿದ್ದರೆ ವಾಹಿನಿಗಳ ಸ್ವನಿಯಂತ್ರಣ ಸಂಸ್ಥೆಗೆ, ಅನಂತರ ಕೇಂದ್ರ ಸರ್ಕಾರದ ವ್ಯವಸ್ಥೆಗೆ ಮೊರೆ ಹೋಗಬಹುದು.

ನೋಡುಗರ ಮಾತು ವ್ಯರ್ಥವಲ್ಲ ಎಂಬುದಕ್ಕೆ ನಿದರ್ಶನಗಳಿವೆ. 2006ರಲ್ಲಿ ಬ್ರಿಟನ್ನಿನ ವೀಕ್ಷಕರೊಬ್ಬರ ದೂರಿನ ನಂತರ ಟಾಮ್ ಅಂಡ್ ಜೆರ್ರಿಯಲ್ಲಿ ಧೂಮಪಾನವನ್ನು ಆಕರ್ಷಕವಾಗಿ ತೋರಿಸುವ ದೃಶ್ಯಗಳನ್ನು ತೆಗೆಯಲು ಪ್ರಸಾರಕರು ಒಪ್ಪಿದರು. 2020ರಲ್ಲಿ 'ಛೋಟಾ ಭೀಮ್' ಸರಣಿಯ ಭೀಮ ಗೆಳತಿ ಚುಟ್ಕಿಯನ್ನು ಬಿಟ್ಟು ರಾಜಕುಮಾರಿ ಇಂದುಮತಿಯನ್ನು ಮದುವೆಯಾದ ಎಂಬ ಸುದ್ದಿ ಹಬ್ಬಿ, ಬೆಳೆದ ಅಭಿಮಾನಿಗಳೂ ಚುಟ್ಕಿಗೆ ನ್ಯಾಯ ಕೇಳಿದರು. ಪಾತ್ರಗಳು ಇನ್ನೂ ಮಕ್ಕಳೇ, ಮದುವೆ ನಡೆದೇ ಇಲ್ಲ ಎಂದು ನಿರ್ಮಾಪಕರು ಸ್ಪಷ್ಟನೆ ನೀಡಬೇಕಾಯಿತು. ಕಾರ್ಟೂನಿನ ಪಾತ್ರಗಳನ್ನು ನೋಡುಗರು ನೆಂಟರಂತೆಯೇ ಕಾಣುತ್ತಾರೆ ಎಂಬುದು ಇದರಿಂದ ವಿದಿತವಾಗುತ್ತದೆ.

ಮನೆಯಲ್ಲಿ ಕೇಳಬೇಕಾದ ಮೂರು ಮಾತು

ಆದರೂ ಮುಖ್ಯ ತೀರ್ಪು ಹೊರಬೀಳುವುದು ಮನೆಯ ಪಡಸಾಲೆಯಲ್ಲಿ. ಅಲ್ಲಿ ಮೂರು ಪ್ರಶ್ನೆಗಳು ಸಾಕು. ಬಿದ್ದವನು ಏಳುತ್ತಾನೆಯೇ? ಬೀಳುತ್ತಿರುವವನು ಸೊಕ್ಕಿನವನೋ, ಅಸಹಾಯಕನೋ? ತೆರೆಯ ಮೇಲಿನ ನಗು ಓಣಿಗೆ ಇಳಿದಾಗ ಯಾರಿಗಾದರೂ ನೋವಾಗುತ್ತದೆಯೇ? ಮೊದಲನೆಯದಕ್ಕೆ ಮೊಮ್ಮಗ ಆಗಲೇ ಉತ್ತರ ಹೇಳಿಬಿಟ್ಟಿದ್ದಾನೆ. ಎರಡನೆಯದನ್ನು ಅವನೊಡನೆ ಕುಳಿತು ಮಾತನಾಡಬಹುದು. ಮೂರನೆಯದರ ಉತ್ತರ ಮಾತ್ರ ಟಿ.ವಿ.ಯಲ್ಲಿಲ್ಲ, ಮರುದಿನದ ಶಾಲೆಯಲ್ಲಿದೆ. ಅದನ್ನು ಹುಡುಗನೇ ಬಂದು ಹೇಳಬೇಕು.

ಹಾಗೆ ಅವನು ಬಂದು ಹೇಳುವಂತಾಗಬೇಕಾದರೆ ರಿಮೋಟು ಕಸಿದುಕೊಳ್ಳುವುದಕ್ಕಿಂತ ಪಕ್ಕದಲ್ಲಿ ಹತ್ತು ನಿಮಿಷ ಕುಳಿತುಕೊಳ್ಳುವುದು ಲೇಸು. ತೊಗಲುಗೊಂಬೆಯಾಟವನ್ನು ಅಜ್ಜ, ಆಯಿ, ಮಕ್ಕಳು ಒಂದೇ ಚಾಪೆಯ ಮೇಲೆ ಕುಳಿತು ನೋಡುತ್ತಿದ್ದರು. ಯಾವುದಕ್ಕೆ ನಗಬೇಕು, ಯಾವುದಕ್ಕೆ ಸುಮ್ಮನಿರಬೇಕು ಎಂಬುದನ್ನು ಚಿಕ್ಕವರು ಕಲಿತದ್ದು ಪಕ್ಕದ ಹಿರಿಯರ ಮುಖ ನೋಡಿ. ಈಗಿನ ಮಗುವಿಗೆ ಪರದೆಯುಂಟು, ಜೋಡಿಯುಂಟು, ನಗುವೂ ಉಂಟು. ಇಲ್ಲವಾಗಿರುವುದು ಆ ಪಕ್ಕದ ಮುಖ. ಆಯಿ ಅಡಿಗೆಮನೆಯಿಂದ ಗದರುವುದನ್ನು ಬಿಟ್ಟು ಒಂದು ಸಂಜೆ ಬಂದು ಕುಳಿತರೆ, ತೆಂಗಿನಕಾಯಿ ಬೀಳುವ ಹೊತ್ತಿಗೆ ಅವರೂ ನಗಬಹುದು.